ಬಿಸಿಲಿಗೆ ಮುಚ್ಚಿದ ಕಣ್ಣು

ಹೊಳಲು,
12-10-2025, ಭಾನುವಾರ

ನನ್ನ ಬಂಗಾರಿ ನಾಗುಗೆ,

ಅಮ್ಮನ ಆಶೀರ್ವಾದ. ನಿನಗೂ ರಾಜೇಂದ್ರನಿಗೂ ಇಂಚರಳಿಗೂ ಮೂರು ಪಾಲು ಮಾಡಿ ಹಂಚು. ಮೊಮ್ಮಗಳಿಗೆ ದೊಡ್ಡ ಪಾಲು.

ಹೊಳಲಿನಿಂದ ಮಳವಳ್ಳಿಗೆ ಕಾಗದ ಯಾಕೆ, ಫೋನಿಗೇನು ಬಂತು ಎಂದು ಹುಬ್ಬು ಗಂಟು ಹಾಕಿಕೊಂಡು ಓದುತ್ತಿರುತ್ತೀಯ. ನಿನ್ನ ಫೋನು ಬಂದ ಕೂಡಲೇ ನಿಮ್ಮಪ್ಪ ಓಡಿ ಬಂದು ಸ್ಪೀಕರ್ ಒತ್ತುತ್ತಾರೆ. ನಾನು ಅರ್ಧ ಹೇಳಿದ್ದನ್ನು ಅವರು ಪೂರ್ತಿ ಮಾಡುತ್ತಾರೆ, ಅವರು ಪೂರ್ತಿ ಮಾಡಿದ್ದನ್ನು ನಿಮ್ಮಜ್ಜಿ ಜಗಲಿಯಿಂದಲೇ ತಿದ್ದುತ್ತಾರೆ. ಈ ಸಂಗತಿ ಮಾತ್ರ ನಡುವೆ ಯಾರೂ ಹತ್ತದೆ, ಇಳಿಯದೆ, ನನ್ನಿಂದ ನೇರ ನಿನಗೆ ತಲುಪಬೇಕು. ಅದಕ್ಕೇ ಬರೆದು, ಮಳವಳ್ಳಿ ರೂಟಿನ ಡ್ರೈವರ್ ಜಯಪ್ರಕಾಶನ ಕೈಲಿ ಕಳಿಸುತ್ತಿದ್ದೇನೆ.

ಮೊದಲು ಒಂದು ಸುಳ್ಳು ಒಪ್ಪಿಸಿಬಿಡುತ್ತೇನೆ. ಹೋದ ತಿಂಗಳು ಡಿಪೋದ ಹೆಂಗಸರ ಜೊತೆ ಧರ್ಮಸ್ಥಳಕ್ಕೆ ಹೋಗುತ್ತೇನೆ ಎಂದಿದ್ದೆನಲ್ಲ, ಹೋಗಿರಲಿಲ್ಲ. ಆ ವಾರ ನಾನು ಕಣ್ಣಾಸ್ಪತ್ರೆಯಲ್ಲಿದ್ದೆ. ಆಮೇಲೆ ವಿಡಿಯೋ ಕಾಲ್ ಬಂದಾಗಲೆಲ್ಲ ಕ್ಯಾಮೆರಾ ಕೆಟ್ಟಿದೆ ಎಂದು ನಿನಗೆ ಫ್ಯಾನು ತೋರಿಸಿದೆನಲ್ಲ, ಕ್ಯಾಮೆರಾ ಚೆನ್ನಾಗಿಯೇ ಇತ್ತು. ನನ್ನ ಕಣ್ಣು ದಾಸವಾಳದಷ್ಟು ಕೆಂಪಗಿತ್ತು. ಗಾಬರಿಯಾಗಬೇಡ. ಕೂತುಕೋ, ನೀರು ಕುಡಿ. ನಿಮ್ಮಮ್ಮ ಈಗ ನೆಟ್ಟಗೆ ನೋಡುತ್ತಾಳೆ. ಮೂವತ್ತು ವರ್ಷದಲ್ಲಿ ನೀನು ಒಮ್ಮೆಯೂ ನೋಡದ ಮುಖ ಇದು, ಬಂದು ನೋಡುವೆಯಂತೆ.

ಯಾಕೆ ಹೋದೆ ಎಂದು ಕೇಳಬೇಡ, ಕಳಿಸಿದವಳು ನೀನೇ. ಗೌರಿಹಬ್ಬಕ್ಕೆ ಬಂದಾಗ ನಾವಿಬ್ಬರೂ ಹಿತ್ತಿಲಲ್ಲಿ ಜಗಳ ಆಡಿದೆವಲ್ಲ. ಇಂಚರಳ ಕಣ್ಣು ಮೊದಲು ನಿದ್ದೆ ಬಂದಾಗ ಮಾತ್ರ ಹೊರಕ್ಕೆ ಜಾರುತ್ತಿತ್ತು, ಈಗ ಮಧ್ಯಾಹ್ನಕ್ಕೇ ಶುರುವಾಗುತ್ತದೆ. ಕನ್ನಡಕ ಆಯಿತು, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದಾಯಿತು. ಇನ್ನು ಆಪರೇಷನ್ ಬಗ್ಗೆ ಯೋಚನೆ ಮಾಡಿ ಎಂದು ಡಾಕ್ಟರು ಹೇಳಿದ್ದರು, ನಾನು ಮಾಡಿಸಿಬಿಡು ಎಂದೆ. ನೀನು ಎರಡು ಮಾತು ಆಡಿದೆ. ಒಂದು, ನಿನ್ನದೇ ಕಣ್ಣಾಗಿದ್ದರೆ ಇಷ್ಟು ಸಲೀಸಾಗಿ ಕತ್ತರಿ ಹಾಕಿಸು ಅನ್ನುತ್ತಿದ್ದೆಯಾ ಎಂದು. ಇನ್ನೊಂದು, ಆ ಕಣ್ಣಿನ ದೆಸೆಯಿಂದಲೇ ಅಲ್ಲವೇ ಅಪ್ಪ ನಿನ್ನನ್ನು ಕಂಡಿದ್ದು, ಅದಿಲ್ಲದಿದ್ದರೆ ನಾನೇ ಹುಟ್ಟುತ್ತಿರಲಿಲ್ಲ, ನನ್ನ ಮಗಳ ಮುಖದಿಂದ ಅದನ್ನು ಯಾಕೆ ಅಳಿಸಲಿ ಎಂದು. ಎರಡನೆಯದಕ್ಕೆ ಅವತ್ತು ನಾನು ಉತ್ತರ ಕೊಡಲಿಲ್ಲ. ಮೊದಲನೆಯದು ಎದೆಗೆ ನಾಟಿತು. ಕಣ್ಣು ನನ್ನದೂ ಅದೇ ತಾನೇ? ಸರಿ, ನಾನೇ ಮೊದಲು ಹೋಗಿ ಬರುತ್ತೇನೆ ಎಂದು ತೀರ್ಮಾನ ಮಾಡಿದೆ.

ನಿಮ್ಮಪ್ಪ ನನ್ನನ್ನು ಕಂಡ ಕತೆ ನಿನಗೆ ಬಾಯಿಪಾಠ. ಆದರೂ ಬರೆಯುತ್ತೇನೆ, ಬರೆಯಲು ನನಗೇ ಖುಷಿ. ಮದ್ದೂರು ಬಸ್ ನಿಲ್ದಾಣದ ಎದುರು ಅವರ ಕಬ್ಬಿನ ಟ್ರಾಕ್ಟರು ಪಂಚರಾಗಿ ನಿಂತಿತ್ತು. ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತವರು ತಲೆಯೆತ್ತಿದರೆ, ಎದುರಿಗೆ ಹಸಿರು ಲಂಗ ದಾವಣಿ ಹಾಕಿ, ಕಂಕುಳಲ್ಲಿ ಮಡಿಚಿದ ಕೊಡೆ ಇಟ್ಟುಕೊಂಡು, ಬೆಳಕವಾಡಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿ. ಅವಳು ಇವರನ್ನೇ ನೋಡಿ ಕಣ್ಣು ಹೊಡೆದಳಂತೆ. "ಒಡುದ್ಲು ಕಣ್ಲಾ, ನನ್ನಾಣೆ" ಎಂದು ಈಗಲೂ ಯಾರು ಸಿಕ್ಕರೂ ಹೇಳುತ್ತಾರೆ. ಟೈರನ್ನು ಅಲ್ಲೇ ಬಿಟ್ಟು ಬಸ್ಸಿನ ಬೋರ್ಡು ಓದಿ ಊರು ಪತ್ತೆ ಮಾಡಿದರು, ಮುಂದಿನ ವಾರ ಹೆಣ್ಣು ಕೇಳಲು ಬಂದರು. ಹೊಡೆಯಲಿಲ್ಲ ಕಣ್ರೀ, ಬಿಸಿಲಿಗೆ ಮುಚ್ಚಿಕೊಂಡಿತು ಎಂದು ನಾನೂ ಮೂವತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ಇಂಥ ಕಣ್ಣಿನವರು ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚಿಕೊಳ್ಳುವುದು ನಿಜ. ಇಂಚರ ಶಾಲೆ ಮೈದಾನದಲ್ಲಿ ಹಾಗೆ ನಿಲ್ಲುವುದನ್ನು ನೀನೂ ನೋಡಿದ್ದೀಯ.

ಇಂಚರಳನ್ನು ನೋಡುವ ಡಾಕ್ಟರ್ ಕನಕಲಕ್ಷ್ಮಿ ಅವರ ಹತ್ತಿರವೇ ಹೋದೆ. ಈ ವಯಸ್ಸಿಗೆ ಆಗುವುದಿಲ್ಲ ಎಂದು ಯಾರೋ ಎಂದೋ ಹೇಳಿದ್ದನ್ನು ನಂಬಿ ಕೂತಿದ್ದೆ. ಯಾರು ಹೇಳಿದ್ದು ನಿಮಗೆ ಎಂದು ಡಾಕ್ಟರು ನಕ್ಕರು. ನಿಮ್ಮಪ್ಪನೂ ಅಜ್ಜಿಯೂ ಜೊತೆಗಿದ್ದರು. ಅಜ್ಜಿಯನ್ನು ಬಿಟ್ಟು ಹೋಗೋಣ ಎಂದರೆ, ಕಣ್ಣುಗುಡ್ಡೆಯನ್ನು ಆಚೆ ತೆಗೆದು ತಟ್ಟೆಯಲ್ಲಿಟ್ಟು ರಿಪೇರಿ ಮಾಡುತ್ತಾರೆಂದು ಅವರಿಗೆ ಯಾರೋ ತಲೆ ತುಂಬಿದ್ದರು, ಕಾವಲಿಗೆ ಬಂದೇ ಬರುತ್ತೇನೆ ಎಂದು ಹಟ ಹಿಡಿದರು. ಗುಡ್ಡೆ ಇದ್ದ ಜಾಗದಲ್ಲೇ ಇರುತ್ತದೆ ಅಜ್ಜಿ, ಅದನ್ನು ಎಳೆಯುವ ಸ್ನಾಯುವಿಗೆ ಮಾತ್ರ ಕೆಲಸ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಯಾವ ಕಣ್ಣು ಜಾರುವುದು ಎಂದು ಡಾಕ್ಟರು ಕೇಳಿದರು ನೋಡು, ಅಲ್ಲಿಗೆ ಶುರುವಾಯಿತು. ನಿಮ್ಮಪ್ಪ ಬಲಗಣ್ಣು ಎಂದರು. ನಿಮ್ಮಜ್ಜಿ ಎಡಗಣ್ಣು ಎಂದರು. "ಲೇ ದೇವ, ಸೊಸೆ ಮೊಕನ ನಾನ್ ನೋಡಿಲ್ವೇನ್ಲಾ" ಎಂದು ಅವರು, "ಎಡ್ತಿ ಮೊಕನ ನಾನ್ ನೋಡಿಲ್ವಾ" ಎಂದು ಇವರು. ಡಾಕ್ಟರು ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಹಿಡಿದು ತೆಗೆದರು, ಇನ್ನೊಂದಕ್ಕೆ ಹಿಡಿದು ತೆಗೆದರು. ಎರಡೂ ಜಾರುತ್ತವೆ, ನೋಡುತ್ತಿರುವ ಕಣ್ಣು ನೆಟ್ಟಗಿರುತ್ತದೆ, ಬಿಡುವಾಗಿರುವುದು ಹೊರಕ್ಕೆ ಹೋಗುತ್ತದೆ ಎಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇಬ್ಬರೂ ಅರ್ಧರ್ಧ ನೋಡಿದ್ದಾರೆ. ಇಬ್ಬರ ಮುಖವೂ ಸಪ್ಪಗಾಯಿತು, ನನಗೆ ನಗು ತಡೆಯಲಾಗಲಿಲ್ಲ.

ನೀನು ಫೋನಿನಲ್ಲಿ ಓದಿ ಓದಿ ತಲೆ ಕೆಡಿಸಿಕೊಂಡಿದ್ದ ಆ ಎರಡು ವಿಧಾನಗಳನ್ನೂ ಕೇಳಿಕೊಂಡು ಬಂದಿದ್ದೇನೆ. ಒಂದರಲ್ಲಿ ಎರಡೂ ಕಣ್ಣಿನ ಹೊರಗಿನ ಸ್ನಾಯುವನ್ನು ಬಿಡಿಸಿ, ಸ್ವಲ್ಪ ಹಿಂದಕ್ಕೆ ಕೂರಿಸಿ ಹೊಲಿಯುತ್ತಾರೆ. ಹೊರಗಿನ ಎಳೆತ ಎರಡೂ ಕಡೆ ಸಮನಾಗಿ ಸಡಿಲವಾಗುತ್ತದೆ. ಇನ್ನೊಂದರಲ್ಲಿ ಒಂದೇ ಕಣ್ಣಿಗೆ ಎರಡು ಕೆಲಸ. ಹೊರಗಿನ ಸ್ನಾಯು ಸಡಿಲಿಸುತ್ತಾರೆ, ಒಳಗಿನದನ್ನು ಗಿಡ್ಡ ಮಾಡಿ ಬಿಗಿಯುತ್ತಾರೆ. ನಿಮ್ಮಪ್ಪನಿಗೆ ತಕ್ಷಣ ತಲೆಗೆ ಹತ್ತಿತು. "ಇದು ನಮ್ ಕಬ್ಬಿನ್ ಲೋಡು ಇದ್ದಂಗೆ ಬುಡಿ ಮೇಡಮ್ಮೋರೆ. ವಾಲುದ್ರೆ ಈ ಕಡೆ ಅಗ್ಗ ಸಡ್ಲ ಬುಟ್ಟು ಆ ಕಡೆ ಜಗ್ತೀವಿ" ಎಂದರು. ಡಾಕ್ಟರು ಹೂಂ ಎಂದರು. ಅಲ್ಲಿಂದ ಮನೆ ತಲುಪುವ ತನಕ ನಿಮ್ಮಪ್ಪ ಅರ್ಧ ಡಾಕ್ಟರಾಗಿದ್ದರು.

ಯಾವುದು ಮೇಲು ಎಂದು ನೇರವಾಗಿ ಕೇಳಿದೆ. ನೀನು ಕೇಳುತ್ತಿದ್ದ ಹಾಗೇ, ಮುಖ ನೋಡಿಕೊಂಡು. ಎರಡೂ ಹೆಚ್ಚುಕಮ್ಮಿ ಒಂದೇ ಫಲ ಕೊಡುತ್ತವೆ, ಡಾಕ್ಟರುಗಳ ನಡುವೆ ಆ ವಾದ ಇನ್ನೂ ಮುಗಿದಿಲ್ಲ ಎಂದರು. ಒಂದೇ ಕಣ್ಣಿಗೆ ಮಾಡಿದರೆ ಇನ್ನೊಂದು ಕಣ್ಣು ಮುಟ್ಟದೆ ಉಳಿಯುತ್ತದೆ, ಮುಂದೆ ಬೇಕಾದರೆ ಅದಕ್ಕೆ ಮಾಡಬಹುದು. ಆದರೆ ಆ ಕಣ್ಣಿಗೆ ನೋವು, ಕೆಂಪು ಸ್ವಲ್ಪ ಜಾಸ್ತಿ, ಕಣ್ಣಿನ ತೆರಪು ಕೂದಲೆಳೆಯಷ್ಟು ಕಿರಿದಾಗಲೂಬಹುದು. ಎರಡೂ ಕಣ್ಣಿಗೆ ಮಾಡಿದರೆ ನೋಟ ಎರಡೂ ಕಡೆ ಸಮ, ಆದರೆ ಮುಟ್ಟದೆ ಉಳಿದ ಕಣ್ಣು ಎಂದು ಒಂದಿರುವುದಿಲ್ಲ. ಯಾವುದನ್ನೇ ಮಾಡಿದರೂ ಕೆಲವು ಮಕ್ಕಳಿಗೆ ವರ್ಷಗಳ ಮೇಲೆ ಕಣ್ಣು ಮತ್ತೆ ಜಾರಬಹುದು, ಇನ್ನೊಂದು ಸಲ ಬೇಕಾಗಬಹುದು. ಇದನ್ನು ಮುಚ್ಚಿಡದೆ ಹೇಳಿದರು, ನಾನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ಇಂಚರಳಿಗೆ ಹತ್ತಿರದ್ದನ್ನು ನೋಡುವಾಗ ಕಣ್ಣು ಜಾರುವುದು ಕಡಿಮೆ, ದೂರ ನೋಡುವಾಗ ಹೆಚ್ಚು, ಅದಕ್ಕೆ ಎರಡೂ ಕಣ್ಣಿನ ಹೊರಗಿನ ಸ್ನಾಯು ಸಡಿಲಿಸುವುದೇ ವಾಸಿ ಎಂದು ಅವರ ಲೆಕ್ಕ.

ಹಾಗಾದರೆ ನನಗೂ ಅದನ್ನೇ ಮಾಡಿ ಎಂದೆ. ಮೊಮ್ಮಗಳಿಗೆ ಏನು ಮಾಡುತ್ತೀರೋ ಅದನ್ನು ಮೊದಲು ನನಗೆ ಮಾಡಿ ತೋರಿಸಿ ಎಂದು ಹಟ ಹಿಡಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಮ್ಮಾ, ನೀವು ಮೊಮ್ಮಗಳ ಸ್ಯಾಂಪಲ್ ಅಲ್ಲ, ನಿಮ್ಮ ಕಣ್ಣಿನ ಅಳತೆಗೆ ಒಂದೇ ಕಣ್ಣಿನ ಆಪರೇಷನ್ ಸರಿ, ಅದನ್ನೇ ಮಾಡುವುದು ಎಂದರು. ಇಪ್ಪತ್ತು ವರ್ಷ ಕಂಡಕ್ಟರಾಗಿ ಬಸ್ಸಿನಲ್ಲಿ ಜನರನ್ನು ಮುಂದಕ್ಕೆ ತಳ್ಳಿದವಳು ನಾನು, ಆ ಹೆಣ್ಣುಮಗಳ ಮುಂದೆ ಒಂದು ಹೆಜ್ಜೆ ಮುಂದೆ ಹೋಗಲಾಗಲಿಲ್ಲ. ಒಪ್ಪಿದೆ.

ತಾರೀಖು ಬೇಗ ಸಿಕ್ಕಿತು, ಯಾಕೆಂದರೆ ಪಿತೃಪಕ್ಷ. ಆ ದಿನಗಳಲ್ಲಿ ನಮ್ಮ ಜನ ಯಾರೂ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲವಲ್ಲ, ಆಸ್ಪತ್ರೆ ಖಾಲಿ ಹೊಡೆಯುತ್ತಿತ್ತು. ನಿಮ್ಮಜ್ಜಿಗೆ ಅದು ಒಂದು ಸಂಕಟವಾದರೆ ಇನ್ನೊಂದು ಸಂಕಟ ಅದೃಷ್ಟದ್ದು. ನಾನು ಸೊಸೆಯಾಗಿ ಬಂದ ವರ್ಷ ಕಬ್ಬು ಚೆನ್ನಾಗಿ ಬಂದಿದ್ದಕ್ಕೆ ಇದು ಅದೃಷ್ಟದ ಕಣ್ಣು ಎಂದು ಅವರು ಊರಿಗೆಲ್ಲ ಸಾರಿದ್ದರು. ಅಂದಿನಿಂದ ಕಟಾವಿನ ಮೊದಲ ಜಲ್ಲೆ ನನ್ನ ಕೈಗೇ. ಹೊಸ ಬೈಕು ತಂದವರು ನಮ್ಮ ಬಾಗಿಲಲ್ಲಿ ನಿಲ್ಲಿಸಿ ನಾನು ನೋಡಿದ ಮೇಲೆ ದೇವಸ್ಥಾನಕ್ಕೆ ಹೋಗುತ್ತಿದ್ದರು. "ಅದುಷ್ಟನ ಕುಯ್ಯುಸ್ಕೊಂಡ್ ಬತ್ತೀನಿ ಅಂತೀಯಲ್ಲಮ್ಮಿ, ನಿಂಗೇನ್ ಬಂದಿರೋದು" ಎಂದು ಎರಡು ದಿನ ಊಟ ಬಿಟ್ಟು ಕೂತರು. ಮೂರನೆಯ ದಿನ ಅವರೇ ನನ್ನ ಬ್ಯಾಗಿಗೆ ನಿಂಬೆಹಣ್ಣು ಹಾಕಿದರು.

ಆಪರೇಷನ್ ಆಗಿದ್ದು ನನಗೆ ಗೊತ್ತೇ ಇಲ್ಲ, ನಿದ್ದೆ ಮಾಡಿಸಿದ್ದರು. ಎದ್ದ ಮೇಲಿನದು ಸ್ವಾರಸ್ಯ. ಹೊಲಿಗೆಯ ಒಂದು ದಾರವನ್ನು ಜಾರುಗಂಟು ಹಾಕಿ ಬಿಟ್ಟಿದ್ದರು. ಎಚ್ಚರವಾದ ಮೇಲೆ ಕೂರಿಸಿ, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ದೂರದ ದೀಪ ನೋಡಿ, ಹತ್ತಿರದ ಬೆರಳು ನೋಡಿ ಎನ್ನುತ್ತ ಒಂದಿಷ್ಟು ಬಿಗಿ ಮಾಡಿ ಗಂಟು ಹಾಕಿದರು. ದೊಡ್ಡವರು ಹೇಳಿದಂತೆ ಅಲುಗಾಡದೆ ಕೂರುತ್ತಾರೆಂದು ಅವರಿಗೆ ಹೀಗೆ, ಮಕ್ಕಳಿಗೆ ನಿದ್ದೆಯಲ್ಲೇ ಎಲ್ಲ ಮುಗಿಸಿಬಿಡುತ್ತಾರಂತೆ. ನೋವಾಗಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಕಣ್ಣೊಳಗೆ ಮರಳು ಬಿದ್ದ ಹಾಗೆ ಒಂದು ವಾರ ಕಿರಿಕಿರಿ, ಪಕ್ಕಕ್ಕೆ ನೋಡಿದರೆ ಎಳೆತ. ಇಷ್ಟೇ. ನಿನ್ನನ್ನು ಹೆತ್ತ ನೋವಿನ ಮುಂದೆ ಇದು ಸೊಳ್ಳೆ ಕಡಿದಷ್ಟು.

ಮೊದಲ ಕೆಲವು ದಿನ ಎಲ್ಲವೂ ಎರಡೆರಡು ಕಾಣುತ್ತಿತ್ತು. ಹೀಗಾಗುತ್ತದೆ, ಬೇಕೆಂದೇ ಕಣ್ಣನ್ನು ಚೂರು ಒಳಕ್ಕೆ ತಿರುಗಿಸಿ ಬಿಡುತ್ತೇವೆ, ಆಮೇಲೆ ಸರಿಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟರೆ ಮಂಚದ ಪಕ್ಕ ನಿಮ್ಮಪ್ಪ ಒಬ್ಬರಲ್ಲ, ಇಬ್ಬರು ದೇವರಾಜು ಕಾಫಿ ಹಿಡಿದು ನಿಂತಿದ್ದರು. ಒಬ್ಬರನ್ನೇ ಸುಧಾರಿಸಿ ಸಾಕಾಗಿದೆ, ಇನ್ನೊಬ್ಬರನ್ನು ವಾಪಸ್ ಕಳಿಸಿ ಎಂದೆ. ನಕ್ಕು ಕಾಫಿ ಚೆಲ್ಲಿಕೊಂಡರು. ಅದೇ ದಿನ ನಮ್ಮೂರ ನಿಂಗಯ್ಯ ಗದ್ದೆ ಉಳುವ ಹೊಸ ಟಿಲ್ಲರ್ ತಂದು ಬಾಗಿಲಲ್ಲಿ ನಿಲ್ಲಿಸಿದ. ನನ್ನ ಕಣ್ಣು ನೋಡಿ, ಮುಂದೆ ಹೋಗುವುದೋ ಹಿಂದೆ ಹೋಗುವುದೋ ತಿಳಿಯದೆ ಪೆಚ್ಚಾಗಿ ನಿಂತ. ನಿಮ್ಮಜ್ಜಿ ಎದ್ದು ಬಂದು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಅವನಿಗೆ ಹೇಳಿದರು, "ಇಷ್ಟ್ ದಿನ ಆಚಿಕ್ ನೋಡ್ತಿತ್ತು ಕಣ್ಲಾ, ಅದುಷ್ಟ ಎಲ್ಲ ಊರೋರ್ಗೋಯ್ತಿತ್ತು. ಈಗ ಒಳಿಕ್ ತಿರ್ಗದೆ, ಮನೇಲೇ ನಿಂತ್ಕತ್ತದೆ. ನಿನ್ ಟಿಲ್ಲರ್ನ ಒಳಿಕ್ ತತ್ತಾ" ಎಂದು. ಅವನು ಟಿಲ್ಲರನ್ನು ಅಂಗಳದ ಒಳಗೇ ತಂದು ನಿಲ್ಲಿಸಿದ.

ಈಗ ಎರಡು ಕಾಣುವುದು ಹೋಗಿದೆ. ಹೋದ ವಾರ ಡ್ಯೂಟಿಗೆ ಸೇರಿದೆ, ಮದ್ದೂರು–ಮಳವಳ್ಳಿ ಗಾಡಿ. ಈ ಕಾಗದಕ್ಕಿಂತ ಮೊದಲು ನಿನ್ನ ಕಣ್ಣಿಗೆ ಬೀಳಬಾರದೆಂದು ಮಳವಳ್ಳಿ ನಿಲ್ದಾಣದಲ್ಲಿ ಗಾಡಿಯಿಂದ ಇಳಿಯಲೇ ಇಲ್ಲ. ನಿನಗೇ ಗೊತ್ತು, ಮಧ್ಯಾಹ್ನದ ಮೇಲೆ ಟಿಕೆಟ್ ಎಂದರೆ ನನ್ನ ಮುಂದೆ ಯಾವಾಗಲೂ ಇಬ್ಬರು ಕೈ ಚಾಚುತ್ತಿದ್ದರು, ಯಾರನ್ನು ಕೇಳಿದ್ದು ಎಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನ ತುಂಬ ಆಧಾರ್ ಕಾರ್ಡು ಹಿಡಿದ ಹೆಂಗಸರು, ಕಾಲಿಡಲು ಜಾಗವಿಲ್ಲ. ಮೂಲೆಯಲ್ಲಿ ಕೂತ ಒಬ್ಬ ಯಜಮಾನರನ್ನು ನೋಡಿ ಟಿಕೆಟ್ ಎಂದೆ. ಅವರೊಬ್ಬರೇ ಕೈ ಚಾಚಿದರು, ಅವರ ಪಕ್ಕದವನು ಕಿಟಕಿಯಾಚೆ ನೋಡುತ್ತ ಕೂತೇ ಇದ್ದ. ಯಾವ ಊರು ಎಂದು ಕೇಳುವುದನ್ನೇ ಮರೆತು ನಿಂತಿದ್ದೆ, ಆ ಯಜಮಾನರೇ "ಕೆ.ಎಂ. ದೊಡ್ಡಿ ಕಣಮ್ಮ, ಯಾಕವ್ವ ಅಂಗ್ ನಿಂತ್ಕಂಡೆ" ಎಂದರು.

ಒಂದೇ ಒಂದು ಸಂಗತಿ ನನ್ನನ್ನು ಕೊರೆಯಿತು. ಎರಡನೆಯ ಸಲ ತೋರಿಸಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದಾಗ ಉರಿಬಿಸಿಲು. ಡಾಕ್ಟರು ಕಪ್ಪು ಕನ್ನಡಕ ಇನ್ನು ಬೇಡ ಎಂದಿದ್ದರು. ನಿಮ್ಮಪ್ಪ ಮೆಟ್ಟಿಲ ಕೆಳಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಕಣ್ಣು ಮುಚ್ಚಿಕೊಳ್ಳಲಿಲ್ಲ, ಎರಡೂ ಅಗಲವಾಗಿ ತೆರೆದೇ ಇದ್ದವು. ಅವರು "ಬಾ ಸಸಿ, ಬಸ್ ಬತ್ತದೆ" ಎಂದು ಮುಂದೆ ನಡೆದರು. ನೀನು ಹೇಳಿದ್ದ ಎರಡನೆಯ ಮಾತು ಆಗ ನೆನಪಾಯಿತು ನನಗೆ.

ಒಂದು ಮಾತು ನಿಜ ಹೇಳುತ್ತೇನೆ ನಾಗು. ಆಪರೇಷನ್ ಕೆಟ್ಟಿದ್ದರೆ ನಿನಗೆ ಹೇಳುತ್ತಿರಲಿಲ್ಲ. ಧರ್ಮಸ್ಥಳದ ಬಿಸಿಲಿಗೆ ಕಣ್ಣು ಬಂತು ಎಂದು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ನನ್ನದು ಚೆನ್ನಾಗಿ ಆಯಿತೆಂದು ಅವಳದೂ ಹಾಗೇ ಆಗುತ್ತದೆ ಎಂದು ಬರೆದುಕೊಡಲು ನಾನು ಡಾಕ್ಟರಲ್ಲ, ತಾಯಿ ನೀನು, ತೀರ್ಮಾನ ನಿನ್ನದು. ಆದರೆ ಒಂದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಹಬ್ಬದ ದಿನ ನೀನು ಅವಳ ಫೋಟೋ ತೆಗೆಯುವಾಗ ಇಂಚರ ತಲೆ ಬಗ್ಗಿಸಿ ಕೂದಲನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ಐದು ವರ್ಷದ ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮದುವೆಯ ಫೋಟೋದಲ್ಲಿ ನಾನು ಯಾಕೆ ನೆಲ ನೋಡುತ್ತಿದ್ದೇನೆ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ನಾಚಿಕೆ ಎನ್ನುತ್ತಿದ್ದೆ. ನಾಚಿಕೆಯಲ್ಲ ಕಣೆ ಅದು, ಹೆದರಿಕೆ. ನನ್ನ ಮೊಮ್ಮಗಳಿಗೆ ಅದು ಬೇಡ.

ದೀಪಾವಳಿಗೆ ಮೂವರೂ ಬನ್ನಿ. ಕಜ್ಜಾಯದ ಅಕ್ಕಿ ನೆನೆಹಾಕುವುದು ಒಂದೇ ಬಾಕಿ. ಹಬ್ಬ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗೋಣ, ಬೇಡವೆಂದರೆ ಕಜ್ಜಾಯ ತಿಂದು ಹೋಗಿ. ಇಂಚರಳನ್ನು ಆಪರೇಷನ್ ಬಾಗಿಲ ತನಕ ಎತ್ತಿಕೊಂಡು ಹೋಗುವವಳು ಮಾತ್ರ ನಾನೇ. ಅವಳು ಏನು ಕೇಳಿದರೂ ಉತ್ತರ ಹೇಳಲು ಆ ಬಾಗಿಲ ಒಳಗೆ ಹೋಗಿ ಬಂದವಳು ಈ ಮನೆಯಲ್ಲಿ ನಾನೊಬ್ಬಳೇ.

ನಿನ್ನನ್ನು ಎರಡೂ ಕಣ್ಣಿಂದ ಒಟ್ಟಿಗೆ ನೋಡಲು ಕಾಯುತ್ತಿರುವ,
ನಿನ್ನ ಅಮ್ಮ
ಶಶಿರೇಖಾ

ತಾ.ಕ.: ಇದನ್ನು ನಿಮ್ಮಪ್ಪನಿಗೆ ಓದಿ ಹೇಳಬೇಡ. ನಿನ್ನ ಎರಡನೆಯ ಮಾತಿಗೆ ಉತ್ತರ ಬಾಕಿ ಉಳಿಯಿತಲ್ಲ. ಕತೆ ಹೇಳುವಾಗಲೆಲ್ಲ ನಿಮ್ಮಪ್ಪ ನನ್ನ ಕಂಕುಳಲ್ಲಿ ಮಡಿಚಿದ ಕೊಡೆ ಇತ್ತು ಎನ್ನುತ್ತಾರೆ. ಕಣ್ಣು ಮುಚ್ಚುವಷ್ಟು ಬಿಸಿಲಿದ್ದರೆ ಕೊಡೆ ಬಿಚ್ಚದೆ ಯಾರಾದರೂ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆಯೇ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಅವತ್ತು ಬೆಳಗಿನಿಂದ ಮೋಡ ಕವಿದಿತ್ತು ನಾಗು. ಬಿಸಿಲಿನ ಮಾತು ಸೇರಿಸಿದ್ದು ನಾನು, ಆಮೇಲೆ, ನನ್ನ ಸೋದರಮಾವಂದಿರ ಬಾಯಿಗೆ ಹೆದರಿ. ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಟೈರಿಗೆ ಬಯ್ಯುತ್ತಿದ್ದ ಆ ಹುಡುಗ ನನಗೆ ಹಿಡಿಸಿದ, ಕಣ್ಣು ಹೊಡೆದೆ. ಓರೆಗಣ್ಣು ಅವತ್ತು ಏನೂ ಮಾಡಲಿಲ್ಲ, ನೀನು ಹುಟ್ಟಿದ್ದಕ್ಕೆ ಅದರ ಹಂಗಿಲ್ಲ. ನಿನ್ನೆ ಸಂಜೆ ನಿಮ್ಮಪ್ಪ ಗದ್ದೆಯಿಂದ ಟ್ರಾಕ್ಟರ್ ತಿರುಗಿಸಿಕೊಂಡು ಬರುತ್ತಿದ್ದಾಗ ನಾನು ಬದುವಿನ ಮೇಲೆ ನಿಂತು ಇನ್ನೊಂದು ಸಲ ಹೊಡೆದೆ. ಅವರು ಟ್ರಾಕ್ಟರ್ ನಿಲ್ಲಿಸಿ ತಲೆಯೆತ್ತಿ ಆಕಾಶ ನೋಡಿದರು. ಮೋಡ ಕವಿದಿತ್ತು.